ಎಣ್ಣೆ ನೀರಿನ ಶುಕ್ರವಾರ

ನನ್ನ ದಿನಚರಿಗಳಲ್ಲಿ ಖಾಲಿ ಪುಟ ಹುಡುಕುವುದು ಕಷ್ಟ. ಹನ್ನೊಂದನೆಯ ವಯಸ್ಸಿನಿಂದ ಬರೆಯುತ್ತಿದ್ದೇನೆ. ಎದ್ದ ಹೊತ್ತು, ಮಲಗಿದ ಹೊತ್ತು, ಓದಿದ ಪುಟಗಳು, ಬಸ್ಸು ಎಷ್ಟು ನಿಮಿಷ ತಡವಾಗಿ ಬಂತು, ಎಷ್ಟು ಲೋಟ ಕಾಫಿ ಕುಡಿದೆ, ಎಲ್ಲವೂ ಗೆರೆ ಎಳೆದ ಖಾನೆಗಳಲ್ಲಿವೆ. ಮೊನ್ನೆ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವಾಗ 1985ರ ದಿನಚರಿ ಕೈಜಾರಿ ಬಿತ್ತು. ತೆರೆದುಕೊಂಡ ಪುಟ ನವೆಂಬರ್ 15, ಶುಕ್ರವಾರ. ಒಂದು ಅಕ್ಷರವೂ ಇಲ್ಲ. ನಟ್ಟನಡುವೆ ಅಂಗೈಯಗಲದ ಎಣ್ಣೆ ಕಲೆ. ಅಷ್ಟು ಜಾಗದಲ್ಲಿ ಕಾಗದ ಗಾಜಿನಂತಾಗಿ, ಹಿಂಬದಿಯಲ್ಲಿ ಮರುದಿನ ಬರೆದದ್ದು ಈ ಕಡೆಯಿಂದ ತಿರುಗುಮುರುಗಾಗಿ ಕಾಣುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ನಾಲ್ಕು ವರ್ಷವಾದರೂ ಹರಳೆಣ್ಣೆಯ ವಾಸನೆ ಹೋಗಿರಲಿಲ್ಲ.

ಖಾನೆ ಎಳೆಯುವ ಚಟ ನನಗೆ ಅಪ್ಪನಿಂದ ಬಂದದ್ದು. ನಾವು ಮೈಸೂರಿನಿಂದ ಅಡಿಲೇಡ್‌ಗೆ ಬಂದಾಗ ನನಗೆ ಎಂಟು ವರ್ಷ. ಊರಿನಲ್ಲಿ ಹತ್ತು ವರ್ಷ ಡಾಕ್ಟರಾಗಿದ್ದ ಅಪ್ಪ ಇಲ್ಲಿಗೆ ಬಂದು ಮತ್ತೆ ವಿದ್ಯಾರ್ಥಿಯಾದರು. ಹಗಲು ಆಸ್ಪತ್ರೆಯಲ್ಲಿ ತಮಗಿಂತ ಚಿಕ್ಕವರ ಕೈಕೆಳಗೆ ಕೆಲಸ, ಮನೆಗೆ ಬಂದರೆ ಈ ದೇಶದ ಪರೀಕ್ಷೆಗೆ ಓದು. ಅಡುಗೆಮನೆಯ ಮೇಜಿನ ಆ ಕಡೆ ಅಪ್ಪ, ಈ ಕಡೆ ನಾನು. ಅವರದು ಹೃದಯದ ಕವಾಟಗಳು, ನನ್ನದು ಏಳರ ಮಗ್ಗಿ. ಫ್ರಿಜ್ಜಿನ ಬಾಗಿಲಿಗೆ ಒಂದು ಗ್ರಾಫ್ ಹಾಳೆ ಅಂಟಿಸಿ, ಪ್ರತಿದಿನ ಓದಿದ ಗಂಟೆಗಳನ್ನು ಪೆನ್ಸಿಲ್ಲಿನಲ್ಲಿ ತುಂಬುತ್ತಿದ್ದರು. ಒಂದು ದಿನ ನನ್ನ ಹೆಸರಿಗೂ ಒಂದು ಸಾಲು ಎಳೆದುಕೊಟ್ಟರು. ಬೇರೆ ಮಕ್ಕಳಿಗೆ ಅಪ್ಪಂದಿರು ಸೈಕಲ್ ಕೊಡಿಸಿದಾಗ ಆಗುವಷ್ಟು ಸಂತೋಷ ನನಗೆ ಆ ಸಾಲಿನಿಂದ ಆಗಿತ್ತು. ಇದನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ.

ಎಣ್ಣೆ ನೀರು ಮಾತ್ರ ಅಮ್ಮನ ಇಲಾಖೆ. ಹೆಣ್ಣುಮಕ್ಕಳಿಗೆ ಮಂಗಳವಾರ, ಶುಕ್ರವಾರ. ಎರಡೂ ಸ್ಕೂಲಿನ ದಿನ, ಹಾಗಾಗಿ ಗಂಡಸರ ವಾರವಾದ ಶನಿವಾರಕ್ಕೆ ನಮ್ಮ ಅಭ್ಯಂಜನ ವರ್ಗವಾಯಿತು. ಇದಕ್ಕೆ ಮೈಸೂರಿನಿಂದ ಅಜ್ಜಿ ಪತ್ರದ ಮೂಲಕ ಆಕ್ಷೇಪಣೆ ಸಲ್ಲಿಸಿದ್ದರು. ಅಡಿಲೇಡಿನ ನೀರು ಆಗ ಬಹಳ ಗಡಸು. ಎಣ್ಣೆಗೂ ಆ ನೀರಿಗೂ ಹೊಂದಾಣಿಕೆಯೇ ಆಗದೆ ತಲೆಗೂದಲು ತೆಂಗಿನ ನಾರಾಗುತ್ತಿತ್ತು. ಬಿಸಿನೀರಿನ ಸಿಲಿಂಡರು ಎಷ್ಟು ಹೊತ್ತು ಬರುತ್ತದೆಂದು ನಾನು ಅಳೆದಿದ್ದೇನೆ: ಹನ್ನೊಂದು ನಿಮಿಷ. ಹನ್ನೆರಡನೆಯ ನಿಮಿಷಕ್ಕೆ ನಾನು ಕಿರುಚುವುದು, ಅಮ್ಮ ಇನ್ನೊಂದೇ ಚೊಂಬು ಎನ್ನುವುದು. ಒಂದು ಸಲ ಮೋರಿ ಕಟ್ಟಿಕೊಂಡು ಪ್ಲಂಬರ್ ಬಂದ. ಕಂಬಿ ಹಾಕಿ ಎಳೆದಾಗ ಸೀಗೆಪುಡಿ, ಕಡಲೆಹಿಟ್ಟು, ಎಣ್ಣೆ ಸೇರಿ ಗಟ್ಟಿಯಾದ ಹಸಿರು ಮುದ್ದೆಯೊಂದು ಹೊರಬಂತು. ಆತ ಟೋಪಿ ತೆಗೆದು ಬಹಳ ಹೊತ್ತು ಅದನ್ನೇ ನೋಡಿ, ಇಪ್ಪತ್ತು ವರ್ಷದ ಕೆಲಸದಲ್ಲಿ ಇಂಥದ್ದು ಕಂಡಿಲ್ಲ ಎಂದ. ಅಮ್ಮ ಅದನ್ನು ಹೊಗಳಿಕೆಯೆಂದೇ ತಿಳಿದು ಅವನಿಗೆ ಚಹಾ ಕೊಟ್ಟರು.

ಅಪ್ಪ ಮಾತ್ರ ಆ ಶನಿವಾರಗಳಿಗೆ ಸೇರಲಿಲ್ಲ. ಅಮ್ಮ ಎಣ್ಣೆ ಬಿಸಿ ಮಾಡಿ ಕರೆದರೆ, ಎಣ್ಣೆ ಹಾಕಿಕೊಂಡರೆ ಇಡೀ ದಿನ ನಿದ್ದೆ ಎಳೆಯುತ್ತದೆ, ಅದಕ್ಕೆ ನನ್ನ ಹಾಳೆಯಲ್ಲಿ ಜಾಗವಿಲ್ಲ ಎನ್ನುತ್ತಿದ್ದರು. ಹದಿಮೂರು ತಿಂಗಳು ಹಾಗೆ ಓದಿ ಒಂದೇ ಸಲಕ್ಕೆ ಪಾಸಾದರು. ಆ ಹಾಳೆಯಲ್ಲಿ ಒಂದೂ ಸೊನ್ನೆ ಇರಲಿಲ್ಲ.

ಇಂಥ ಮನೆಯಲ್ಲಿ ರಜೆ ತೆಗೆದುಕೊಳ್ಳುವುದು ಹೇಗೆ? ನನ್ನ ಸಹಪಾಠಿಗಳು ಬೀಚಿಗೆ ಹೋಗಬೇಕೆನಿಸಿದರೆ ಫೋನಿನಲ್ಲಿ ಎರಡು ಸಲ ಕೆಮ್ಮಿ 'ಸಿಕ್ಕಿ' ಹಾಕುತ್ತಿದ್ದರು. ಕಾಯಿಲೆಯಿಲ್ಲದ ಕಾಯಿಲೆ ರಜೆಗೆ ಇಲ್ಲಿಯ ಹೆಸರು ಅದು. ಡಾಕ್ಟರ ಮಗಳಿಗೆ ಆ ಸೌಲಭ್ಯವಿಲ್ಲ. ಹೊಟ್ಟೆನೋವು ಎಂದರೆ ಎಲ್ಲಿ, ಎಷ್ಟು ಹೊತ್ತಿನಿಂದ, ಒತ್ತಿದರೆ ಹೆಚ್ಚೋ ಬಿಟ್ಟರೆ ಹೆಚ್ಚೋ ಎಂಬ ವಿಚಾರಣೆ ಶುರು. ಮೂರನೆಯ ಪ್ರಶ್ನೆಯ ಹೊತ್ತಿಗೆ ನಾನೇ ಬ್ಯಾಗು ಹೆಗಲಿಗೇರಿಸಿರುತ್ತಿದ್ದೆ.

ಮುಂದೆ ಅಪ್ಪನಿಗೆ ಪರ್ತ್‌ನಲ್ಲಿ ಕೆಲಸವಾಗಿ, ಕ್ಯಾನಿಂಗ್ ವೇಲ್‌ನ ಮರಳಿನ ಮೇಲೆ ಹೊಸ ಮನೆ ಕಟ್ಟಿದರು. ನನಗೆ ಮೆಡಿಸಿನ್ ಸೀಟು ಸಿಕ್ಕಿದ್ದು ದೇಶದ ಇನ್ನೊಂದು ತುದಿಯ ಬ್ರಿಸ್ಬೇನಿನಲ್ಲಿ. ಎರಡನೆಯ ವರ್ಷದಿಂದ ಎಯ್ಟ್ ಮೈಲ್ ಪ್ಲೇನ್ಸ್ ಎಂಬ ಬಡಾವಣೆಯಲ್ಲಿ ಗ್ರೇಸ್ ಆಂಟಿಯ ಮನೆಯಲ್ಲಿದ್ದೆ. ಆಂಟಿ ಮೈಸೂರಿನವರು, ಅಪ್ಪನ ಕಾಲೇಜು ಜೂನಿಯರ್. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವುದು ಅವರ ಕೆಲಸ. ಜನರನ್ನು ನಿದ್ದೆ ಮಾಡಿಸಿ ಸಂಬಳ ತಗೊಳ್ತೀನಿ ಎಂದು ತಮ್ಮನ್ನು ಪರಿಚಯಿಸಿಕೊಳ್ಳುತ್ತಿದ್ದರು.

ಆ ವರ್ಷದ ಜುಲೈನಲ್ಲಿ ನಾನು ಅನಾಟಮಿಯಲ್ಲಿ ಫೇಲಾದೆ. ಪಾಠವೆಲ್ಲ ಬಾಯಿಗೆ ಬರುತ್ತಿತ್ತು, ಆದರೆ ಪಟ್ಟಿಯ ಕ್ರಮದಲ್ಲಿ ಮಾತ್ರ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕ ಒಂಬತ್ತನೆಯದರಿಂದ ಶುರು ಮಾಡಿದ. ನಾನು ಮನಸ್ಸಿನಲ್ಲೇ ಒಂದರಿಂದ ಎಣಿಸಿಕೊಂಡು ಬರುವಷ್ಟರಲ್ಲಿ ಆತ ಮುಂದಿನ ಪ್ರಶ್ನೆಗೆ ಹೋಗಿದ್ದ. ನವೆಂಬರಿನಲ್ಲೂ ಫೇಲಾದರೆ ಕೋರ್ಸಿನಲ್ಲಿ ಉಳಿಯುವುದೇ ಅನುಮಾನ ಎಂಬ ಪತ್ರ ಬಂತು. ಅಪ್ಪ ಬೈದಿದ್ದರೆ ಸುಲಭವಿತ್ತು. ಫೋನಿನಲ್ಲಿ ಮೆಲ್ಲಗೆ, ಇನ್ನು ಪ್ರತಿ ಶುಕ್ರವಾರ ಸಾಯಂಕಾಲ ನಾನೇ ಫೋನ್ ಮಾಡುತ್ತೇನೆ, ವಾರದ ಗಂಟೆಗಳನ್ನು ಹೇಳು, ಇಲ್ಲೂ ಒಂದು ಹಾಳೆ ಹಾಕಿಡುತ್ತೇನೆ ಎಂದರು. ಈ ಸಲ ಒಂದು ದಿನವೂ ಬಿಡಬಾರದು ಎಂದೂ ಸೇರಿಸಿದರು.

ಹೀಗೆ ಒಂದೇ ಲೆಕ್ಕ ಎರಡು ಊರಿನಲ್ಲಿ ಬೆಳೆಯಿತು. ದಿನಕ್ಕೆ ಎಂಟು ಗಂಟೆಗಿಂತ ಕಡಿಮೆ ನಾನು ಎಂದೂ ಹೇಳಲಿಲ್ಲ. ಸುಳ್ಳೂ ಹೇಳಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಕಿಟಕಿ ನೋಡಿದ ಐವತ್ತು ನಿಮಿಷವನ್ನು ಮುಕ್ಕಾಲು ಗಂಟೆಯೆಂದು ಬರೆದುಕೊಂಡದ್ದು ಬೇರೆ ಮಾತು.

ಅಕ್ಟೋಬರಿನಲ್ಲಿ ಆಂಟಿ ಒಂದು ಚೀಟಿ ಕೊಟ್ಟು, ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಬಸ್ಸು ಬದಲಿಸುವಾಗ ಔಷಧಿ ಅಂಗಡಿಯಿಂದ ಹರಳೆಣ್ಣೆ ತರಲು ಹೇಳಿದರು. ಆಗ ಇಲ್ಲಿ ಹರಳೆಣ್ಣೆ ಸಿಗುತ್ತಿದ್ದುದು ಭೇದಿಗೆ ಕುಡಿಯುವ ಔಷಧಿಯಾಗಿ, ಚಿಕ್ಕ ಚಿಕ್ಕ ಬಾಟಲಿಗಳಲ್ಲಿ. ಹುಟ್ಟಿದಾಗಿನಿಂದ ಅದನ್ನು ನೆತ್ತಿಯ ಮೇಲೆ ಕಂಡ ನನಗೆ ಅದು ಹೊಳೆಯಲೇ ಇಲ್ಲ. ಆರು ಬಾಟಲಿ ಕೇಳಿದೆ. ಅಂಗಡಿಯ ಮುದುಕ ಕನ್ನಡಕದ ಮೇಲಿಂದ ನೋಡಿ ಯಾರಿಗೆ ಎಂದ. ನನಗೇ ಎಂದೆ. ಅಷ್ಟೂ? ಹೌದು, ತಲೆಯಿಂದ ಕಾಲಿನವರೆಗೆ ಚೆನ್ನಾಗಿ ಇಳಿಯಬೇಕು, ಆಮೇಲೆ ಇಡೀ ದಿನ ಎಲ್ಲಿಗೂ ಹೋಗುವಂತಿಲ್ಲ ಎಂದು ಆಂಟಿ ಹೇಳಿದ್ದನ್ನೇ ಹೇಳಿದೆ. ಆತ ಆರು ಬಾಟಲಿಯನ್ನೂ ಕೌಂಟರಿನ ಕೆಳಗೆ ಸರಿಸಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನಿನ್ನ ಡಾಕ್ಟರಿಗೆ ಫೋನ್ ಮಾಡಬೇಕು ಎಂದ. ಆಂಟಿಯೇ ಡಾಕ್ಟರ್ ಎಂದೆ. ಆತನ ಮುಖ ಇನ್ನೂ ಗಂಭೀರವಾಯಿತು. ಫೋನಿನ ಆ ಕಡೆ ಆಂಟಿ ನಕ್ಕ ಸದ್ದು ನಾನು ಕೂತಲ್ಲಿಗೆ ಕೇಳಿಸಿತು.

ಬಾಟಲಿಗಳು ಮನೆಗೆ ಬಂದವು. ನನಗೆ ಮಾತ್ರ ಪುರುಸೊತ್ತಿರಲಿಲ್ಲ. ಮುಂದಿನ ಶುಕ್ರವಾರ, ಅದರ ಮುಂದಿನ ಶುಕ್ರವಾರ ಎಂದು ತಳ್ಳುತ್ತಾ ಬಂದೆ. ಜಕರಾಂಡ ಮರಗಳು ಹೂಬಿಟ್ಟು, ಉದುರಿ, ನಮ್ಮ ಬೀದಿಯಲ್ಲಿ ಕಾಲಿಗೆ ಅಂಟುವ ನೇರಳೆ ಕೆಸರಾಯಿತು. ಪರೀಕ್ಷೆ ನವೆಂಬರ್ 18, ಸೋಮವಾರ.

ಹದಿನೈದನೆಯ ತಾರೀಖು ಬೆಳಗ್ಗೆ ಐದೂವರೆಯಿಂದ ಮೇಜಿನ ಮುಂದಿದ್ದೆ. ಏಳಕ್ಕೆ ಆಂಟಿ ಕಾಫಿ ತಂದಿಟ್ಟಾಗ 412ನೆಯ ಪುಟವನ್ನು ನಾಲ್ಕನೆಯ ಸಲ ಓದುತ್ತಿದ್ದೆ. ಕಣ್ಣು ತೆಗೆಯದೆ ಲೋಟ ಎತ್ತಿ ಪುಟದ ಮೇಲೆ ಕಾಫಿ ಚೆಲ್ಲಿಕೊಂಡೆ. ಅವರು ನನ್ನ ನೆತ್ತಿಯ ಮೇಲೆ ಅಂಗೈಯಿಟ್ಟರು.

"ಕಾವಲಿ ಆಗಿದೆಯಲ್ಲೇ. ದೋಸೆ ಹುಯ್ಯಬಹುದು. ಎಷ್ಟು ಗಂಟೆ ಮಲಗಿದ್ದೆ?"

"ಮೂರೂಕಾಲು."

"ಅದನ್ನೂ ಬರೆದಿಟ್ಟಿದೀಯಾ?"

"ಹೂಂ, ನಿನ್ನೆಯ ಪುಟದಲ್ಲಿ."

"ಏಳು. ಇವತ್ತು ನಂಗೆ ಡ್ಯೂಟಿ ಇಲ್ಲ, ಶುಕ್ರವಾರ ಬೇರೆ. ನಮ್ಮಜ್ಜಿ ಭಾನುವಾರ ಚರ್ಚಿಗೆ ತಲೆ ಮಿಂಚಲಿ ಅಂತ ಶನಿವಾರ ಎಣ್ಣೆ ಹಾಕ್ತಿದ್ರು. ನಿಂಗೆ ನಿಮ್ಮ ವಾರದ ಪ್ರಕಾರವೇ ಹಾಕ್ತೀನಿ."

ಇನ್ನು ಮೂರೇ ದಿನ ಇದೆ ಎಂದೆ. ಸಾಯಂಕಾಲ ಅಪ್ಪ ಫೋನ್ ಮಾಡುತ್ತಾರೆ, ಅವರಿಗೆ ಏನು ಹೇಳಲಿ ಎಂದೆ. ಪರೀಕ್ಷೆಗಿಂತ ನನಗೆ ಹೆದರಿಕೆಯಿದ್ದದ್ದು ಕ್ಯಾನಿಂಗ್ ವೇಲ್‌ನ ಆ ಹಾಳೆಯದು ಎಂದು ಆಗಲೇ ನನಗೂ ಗೊತ್ತಾದದ್ದು.

"ಇದ್ದದ್ದು ಹೇಳು," ಎಂದರು ಆಂಟಿ. "ನನ್ನ ಟೇಬಲ್ ಮೇಲೆ ಮಲಗಿದೋರು ಯಾರೂ ನಾಳೆ ಬರ್ತೀನಿ ಅಂತ ಎದ್ದು ಹೋಗಿಲ್ಲ ಕಣೇ."

ಬಿಸಿನೀರಿನ ಸಿಲಿಂಡರನ್ನು ನಂಬಿ ಎಣ್ಣೆ ನೀರು ಹಾಕುವುದು ಆಗದ ಮಾತು ಎಂಬುದು ಆಂಟಿಯ ಅನುಭವ. ಅದಕ್ಕೆ ಹಿತ್ತಲಿನ ಬಾರ್ಬಿಕ್ಯೂ ಒಲೆ, ಇಲ್ಲಿಯವರ ಬಾಯಲ್ಲಿ ಬಾರ್ಬಿ, ಹೊತ್ತಿಸಿ, ಸಾಸೇಜು ಸುಡುವ ತಟ್ಟೆಯ ಮೇಲೆ ಕ್ರಿಸ್‌ಮಸ್ ಅಡುಗೆಯ ದೊಡ್ಡ ಪಾತ್ರೆಯಿಟ್ಟು ನೀರು ಕಾಯಿಸಿದರು. ಪಕ್ಕದ ಮನೆಯ ಕೀತ್ ಮುದುಕ ಬೇಲಿಯ ಮೇಲಿಂದ ಇಣುಕಿ, ಬೆಳಗ್ಗೆ ಏಳೂವರೆಗೇ ಬಾರ್ಬಿಯೇ, ಏನು ಬೇಯುತ್ತಿದೆ ಎಂದು ಕೇಳಿದ. ಹಳೆಯ ನೈಟಿಯಲ್ಲಿ ನಿಂತಿದ್ದ ನನ್ನನ್ನು ಆಂಟಿ ಬೆರಳು ಮಾಡಿ ತೋರಿಸಿದರು. ಆತ ತಲೆಯಾಡಿಸಿ ಕೆಳಗಿಳಿದ. ಆಮೇಲೆ ಬಹಳ ದಿನ ನನ್ನನ್ನು ಕಂಡಾಗಲೆಲ್ಲ, ಇನ್ನೂ ಬೆಂದಿಲ್ಲವೇ ಎಂದು ಕೇಳುತ್ತಿದ್ದ.

ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಲಿನ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿ ನನ್ನನ್ನು ಕೂರಿಸಿದರು. ನಾನು ದಿನಚರಿಯನ್ನೂ ಒಯ್ದಿದ್ದೆ. ಶುರುವಾದ ಹೊತ್ತು ಬರೆಯೋಣವೆಂದು ಪುಟ ತೆರೆದು ಪೆನ್ನಿನ ಟೋಪಿ ಬಿಚ್ಚಿದ್ದೆ, ಅಷ್ಟೆ. ಆಂಟಿ ಎಣ್ಣೆ ಸವರಿದ ಅಂಗೈಯನ್ನು ಆ ಪುಟದ ಮೇಲೆ ಊರಿ, ಪುಸ್ತಕ ಮುಚ್ಚಿ, ಸಿಂಕಿನ ಆಚೆ ಇಟ್ಟುಬಿಟ್ಟರು.

ಮೊದಲು ನೆತ್ತಿಗೆ ಮೂರು ಬೊಟ್ಟು. ಆಮೇಲೆ ಬೊಗಸೆ ಎಣ್ಣೆ ಹಾಕಿ ತಪತಪನೆ ತಟ್ಟಲು ಶುರುಮಾಡಿದರು. ಅಮ್ಮನ ಕೈಯಲ್ಲಿ ಎಷ್ಟೋ ಸಲ ತಟ್ಟಿಸಿಕೊಂಡಿದ್ದೆ. ಆದರೆ ಈ ಕೈ ದಿನಕ್ಕೆ ಹತ್ತು ಜನರ ಉಸಿರನ್ನು ಕಾಯುವ ಕೈ. ನಿಧಾನವಾಗಿ, ಎಲ್ಲಿ ಏನಿದೆಯೆಂದು ಗೊತ್ತಿರುವಂತೆ ಅದು ನನ್ನ ತಲೆಯ ಮೇಲೆ ಹರಿಯಿತು. ಹಣೆಯ ಪಕ್ಕದಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕತ್ತಿನ ಬುಡಕ್ಕೆ. ತಲೆಯ ಚರ್ಮ ಮೂಳೆಯ ಮೇಲೆ ಸಣ್ಣಗೆ ಜಾರುವುದು ನನ್ನ ಅನುಭವಕ್ಕೆ ಬಂತು. ಆ ಜಾರುವಿಕೆಗೆ ಕಾರಣವಾದ ಪದರ ಯಾವುದು, ಐದು ಪದರಗಳಲ್ಲಿ ಎಷ್ಟನೆಯದು ಎಂದು ನಾನು ಇಪ್ಪತ್ತು ಸಲವಾದರೂ ಬರೆದಿದ್ದೆ. ಅದು ನನ್ನ ತಲೆಯಲ್ಲೂ ಇದೆಯೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಆಂಟಿಯ ಹೆಬ್ಬೆರಳು ಕತ್ತಿನಿಂದ ಭುಜಕ್ಕೆ ಇಳಿದಂತೆ, ಪುಸ್ತಕದಲ್ಲಿ ಕೆಂಪು ನೀಲಿ ಗೆರೆಗಳಾಗಿದ್ದದ್ದೆಲ್ಲ ಒಂದೊಂದಾಗಿ ಎಚ್ಚರಗೊಂಡು, ನಾನಿಲ್ಲಿದ್ದೇನೆ ಎನ್ನತೊಡಗಿತು. ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ. ಇಷ್ಟೆಲ್ಲ ನನ್ನೊಳಗೆ, ನಾನು ಓದುವುದಕ್ಕೆ ಮೊದಲೇ, ನನ್ನನ್ನು ಕೇಳದೆ ಇಪ್ಪತ್ತು ವರ್ಷದಿಂದ ಕೆಲಸ ಮಾಡಿಕೊಂಡಿತ್ತು. ಚರ್ಚಿನಲ್ಲೋ ದೇವಸ್ಥಾನದಲ್ಲೋ ಆಗಬೇಕಾದ ಭಾವನೆ ನನಗೆ ಹಾಲಿನ ಕ್ರೇಟಿನ ಮೇಲೆ ಆಯಿತು.

ಮುಕ್ಕಾಲು ಗಂಟೆ ಎಣ್ಣೆ ನೆನೆಯಿತು. ಆಮೇಲೆ ಬಕೆಟ್ಟು ಬಕೆಟ್ಟು ಬಿಸಿನೀರು. ಎಷ್ಟು ಎಂದು ಎಣಿಸಲು ಹೋದೆ. ಹಬೆಯಲ್ಲಿ ಏಳೋ ಎಂಟೋ ಎಂದು ತಪ್ಪಿತು. ಹೊರಗೆ ಬಂದು ಊಟಕ್ಕೆ ಕೂತೆ. ಒಗ್ಗರಣೆ ಹಾಕಿದ ಮೆಣಸಿನ ಸಾರು, ಬಿಸಿ ಅನ್ನ, ಮೇಲೊಂದು ಚಮಚ ತುಪ್ಪ. ಹಿಂದಿನ ಕೋಣೆಯ ಮಂಚದ ಮೇಲೆ ನನ್ನನ್ನು ಮಲಗಿಸಿ, ಆಂಟಿ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡರು.

"ನೂರರಿಂದ ಹಿಂದಕ್ಕೆ ಎಣಿಸು. ನನ್ನ ಪೇಷಂಟ್ಸ್ ಯಾರೂ ತೊಂಬತ್ತರ ಕೆಳಗೆ ಹೋಗಿಲ್ಲ, ನೋಡೋಣ."

ಇದು ನನಗೆ ಹೇಳುವ ಮಾತೇ? ಒಂದರವರೆಗೆ ಎಣಿಸಿ ತೋರಿಸುತ್ತೇನೆಂದು ಹಟ ಹಿಡಿದೆ. ಛಾವಣಿಯ ಮೇಲೆ ಎಲೆಗಳ ನೆರಳು ನೀರಿನಂತೆ ಆಡುತ್ತಿತ್ತು. ಒಂಬತ್ತು ತಿಂಗಳಿಂದ ಆ ಮನೆಯಲ್ಲಿದ್ದರೂ ಬೆಳಗಿನ ಹನ್ನೊಂದು ಗಂಟೆಗೆ ಅಲ್ಲಿ ಬೆಳಕು ಹೇಗೆ ಬೀಳುತ್ತದೆಂದು ನಾನು ನೋಡಿರಲಿಲ್ಲ. ಗೋಡೆಯಾಚೆ ಮ್ಯಾಗ್‌ಪೈ ಹಕ್ಕಿಯೊಂದು ಬಾಯಲ್ಲಿ ನೀರು ತುಂಬಿಕೊಂಡು ಹಾಡುವಂತೆ ಹಾಡುತ್ತಿತ್ತು. ಅಂಚೆಯವನ ಮೋಟರ್ ಬೈಕು ಪ್ರತಿ ಮನೆಯ ಮುಂದೆ ನಿಂತು ನಿಂತು ಹೋಯಿತು. ನಾನು ಮೇಜಿನ ಮುಂದೆ ತಲೆ ಬಗ್ಗಿಸಿ ಕೂತ ದಿನಗಳಲ್ಲೆಲ್ಲ ಇಷ್ಟು ದೊಡ್ಡದೊಂದು ಹಗಲು ಹೊರಗೆ ತನ್ನ ಪಾಡಿಗೆ ನಡೆದುಹೋಗುತ್ತಿತ್ತು. ಎಂಬತ್ತೇಳರವರೆಗೆ ನನಗೆ ನೆನಪಿದೆ. ಎಂಬತ್ತೊಂಬತ್ತಕ್ಕೇ ಗೊರಕೆ ಬಂತೆಂದು ಆಂಟಿ ವಾದಿಸುತ್ತಾರೆ.

ನಡುವೆ ಒಮ್ಮೆ ಎಚ್ಚರವಾಗಿ ಕಣ್ಣು ಪೂರ್ತಿ ಬಿಡಲಾಗದೆ ಬಿದ್ದಿದ್ದೆ. ಸ್ಕೂಲಿನಿಂದ ಬಂದ ಆಂಟಿಯ ಒಂಬತ್ತು ವರ್ಷದ ಮಗಳು ಶೀಲಾ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಹಗಲಿನಲ್ಲಿ ಮಲಗಿದ ಸ್ಥಿತಿಯಲ್ಲಿ ಅವಳು ಕಂಡವಳಲ್ಲ.

"ಈಸ್ ಶಿ ಡೆಡ್, ಮಮ್?"

"ಇಲ್ಲ ಪುಟ್ಟಿ, ರಜಾ ಹಾಕಿದಾಳೆ."

ಮತ್ತೆ ಕತ್ತಲು. ಈ ಸಲ ಕಣ್ಣು ಬಿಟ್ಟಾಗ ಆರು ಗಂಟೆಗೆ ಹತ್ತು ನಿಮಿಷ.

ನೀವು ಕಾತರದಿಂದಿದ್ದರೆ ಇಲ್ಲೇ ಹೇಳಿಬಿಡುತ್ತೇನೆ: ಸೋಮವಾರದ ಪರೀಕ್ಷೆಯಲ್ಲಿ ಪಾಸಾದೆ. ಮೌಖಿಕದಲ್ಲಿ ತಲೆಯ ಮೇಲೆ ಪ್ರಶ್ನೆ ಬಂತೆಂದು ನಿರೀಕ್ಷಿಸಬೇಡಿ. ಮೊಣಕಾಲು ಬಂತು. ಅದೇ ಪರೀಕ್ಷಕ ಎಂದಿನಂತೆ ನಡುವಿನಿಂದಲೇ ಶುರು ಮಾಡಿದ. ನಾನು ಮೇಜಿನ ಕೆಳಗೆ ನನ್ನದೇ ಮೊಣಕಾಲನ್ನು ಹಿಡಿದುಕೊಂಡು, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಕ್ರಮದಲ್ಲಿ ಹೇಳಿದೆ. ಐವತ್ತಾರು ಬಂತು. ಮನೆತನದ ಹೆಸರು ಬೆಳಗುವ ಅಂಕವೇನಲ್ಲ.

ಆದರೆ ಆ ಶುಕ್ರವಾರದ ಸಾಯಂಕಾಲ ಇದಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೆ: ಪರೀಕ್ಷೆಗೆ ಮೂರು ದಿನ ಇರುವಾಗ ಒಂದು ಇಡೀ ಹಗಲು ಹೋಗಿದೆ, ಬೆಳಗಿನ ಜಾವದ ಆ ಒಂದೂವರೆ ಗಂಟೆಯಲ್ಲಿ ಒಂದು ಪುಟವೂ ತಲೆಗೆ ಹತ್ತಿಲ್ಲ, ಏಳಕ್ಕೆ ಸರಿಯಾಗಿ ಫೋನು ಬರುತ್ತದೆ. ಪರ್ತ್‌ನಲ್ಲಿ ಆಗ ಐದು ಗಂಟೆ, ಅಪ್ಪ ಕ್ಲಿನಿಕ್ಕು ಮುಗಿಸಿ ಬಂದು ಶೂ ಬಿಚ್ಚುವ ಮೊದಲೇ ಮಾಡುತ್ತಿದ್ದರು. ಒಂಬತ್ತು ಎಂದುಬಿಡಲೇ ಎಂದು ಯೋಚಿಸಿದೆ. ಶನಿವಾರ, ಭಾನುವಾರ ಓದಿ ತುಂಬಿಸಿಕೊಡಬಹುದು. ಯಾರಿಗೂ ತಿಳಿಯುವುದಿಲ್ಲ. ಆಂಟಿ ಅಡುಗೆಮನೆಯಲ್ಲಿ ಬೇಕೆಂದೇ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು.

ಫೋನು ಬಂತು. ಮಳೆ ಬಂತಾ, ಊಟ ಆಯಿತಾ ಎಂಬುದೆಲ್ಲ ಕೊನೆಗೆ, ಮೊದಲು ಲೆಕ್ಕ. ಶನಿವಾರ ಒಂಬತ್ತು ಎಂದೆ. ಭಾನುವಾರ ಹತ್ತು, ಸೋಮವಾರ ಒಂಬತ್ತೂವರೆ, ಮಂಗಳವಾರ ಹನ್ನೊಂದು, ಬುಧವಾರ ಹತ್ತೂವರೆ, ನಿನ್ನೆ ಹತ್ತು. ಒಂದೊಂದು ಅಂಕಿಯಾದ ಮೇಲೂ ಅವರು ಅದನ್ನು ಹಾಳೆಗೆ ತುಂಬಿಕೊಳ್ಳುತ್ತಿದ್ದರು.

"ಇವತ್ತು?"

"ಸೊನ್ನೆ."

ತಂತಿಯ ಮೇಲೆ ಇಡೀ ದೇಶದಗಲದ ಗಾಳಿ ಬೀಸಿದ ಸದ್ದು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

"ಜ್ವರಾನಾ?"

"ಇಲ್ಲ ಅಪ್ಪ. ಗ್ರೇಸ್ ಆಂಟಿ ಎಣ್ಣೆ ನೀರು ಹಾಕಿದ್ರು. ಮಲಗಿಬಿಟ್ಟೆ. ಈಗ ಎದ್ದೆ."

ನಾನು ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದೆ. ಕೊನೆಗೆ ಬಂದ ದನಿ ಡಾಕ್ಟರದ್ದಲ್ಲ, ಹಾಳೆಯದ್ದೂ ಅಲ್ಲ. ನಾನು ಅದುವರೆಗೆ ಕೇಳದಿದ್ದ, ಬಹಳ ಚಿಕ್ಕ ವಯಸ್ಸಿನ ಯಾರದೋ ದನಿ.

"ಹರಳೆಣ್ಣೇನಾ?"

"ಹೂಂ."

"ನೆತ್ತಿಗೆ ತಟ್ಟಿದ್ರಾ, ಸುಮ್ನೆ ಸವರಿದ್ರಾ?"

"ತಟ್ಟಿದ್ರು. ತುಂಬಾ ಹೊತ್ತು."

"ಹಾಗಾದ್ರೆ ಇವತ್ತು ರಾತ್ರಿನೂ ಪುಸ್ತಕ ತೆಗೀಬೇಡ. ಕಣ್ಣಿಗೆ ಒಳ್ಳೇದಲ್ಲ."

ಇದು ಯಾವ ವೈದ್ಯಶಾಸ್ತ್ರದಲ್ಲಿದೆಯೆಂದು ನಾನು ಕೇಳಲಿಲ್ಲ. ಪೆನ್ಸಿಲ್ಲು ಸರಿದಾಡಿದ್ದು ಕೇಳಿಸಿತು. ಪ್ರತಿ ವಾರದಂತೆ ಕೂಡಿಸಿ, ಭಾಗಿಸಿ, ಅವರು ಮೊತ್ತ ಓದಿದರು.

"ಟೋಟಲ್ ಅರವತ್ತು. ಆವರೇಜ್ ದಿನಕ್ಕೆ ಹತ್ತು."

ನಾನು ಮನಸ್ಸಿನಲ್ಲೇ ಭಾಗಿಸಿದೆ. ಎಂಟೂವರೆಯ ಆಸುಪಾಸು ಬರಬೇಕು. ಔಷಧಿಯ ಪ್ರಮಾಣವನ್ನು ದಶಮಾಂಶ ಚುಕ್ಕಿಯ ಮುಂದೆ ಎರಡು ಸ್ಥಾನದವರೆಗೆ ಬಾಯಲ್ಲೇ ಲೆಕ್ಕ ಹಾಕುತ್ತಿದ್ದ ಮನುಷ್ಯ ಅವರು. ನನ್ನ ಬದುಕಿನಲ್ಲಿ ಅವರ ಭಾಗಾಕಾರ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

"ಅಪ್ಪ, ಏಳರಿಂದ ಭಾಗಿಸಬೇಕಲ್ವಾ?"

"ಈ ವಾರಕ್ಕೆ ಆರೇ ದಿನ," ಎಂದು ಅಪ್ಪ ಫೋನಿಟ್ಟರು.